ಸತ್ತವರೊಡನೆ ಮಾತು ಮುಗಿಯುವ ತನಕ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರ್ ದಾರಿ. ಈ ಕರಾವಳಿ ಪಟ್ಟಿ ಕಳೆದ ಐವತ್ತು ವರ್ಷಗಳಲ್ಲಿ ಉಂಡ ಸಾವುನೋವು ಒಂದೆರಡಲ್ಲ. 1977ರ ನವೆಂಬರ್ 19ರಂದು ಕೃಷ್ಣಾ ಮುಖಜಭೂಮಿಯ ದಿವಿಸೀಮೆಗೆ ಸಮುದ್ರವೇ ಎದ್ದು ಬಂದು ಸಾವಿರಾರು ಜನರನ್ನು ಒಯ್ದಿತು. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮೇಲೆಯೇ ಹಾಯ್ದುಹೋಯಿತು. 2020ರ ಮೇ 7ರ ನಸುಕಿನಲ್ಲಿ ಅದೇ ನಗರದಂಚಿನ ವೆಂಕಟಾಪುರದಲ್ಲಿ ಸ್ಟೈರೀನ್ ಅನಿಲ ಸೋರಿ, ಮಲಗಿದ್ದವರು ಮಲಗಿದ್ದಲ್ಲೇ ಉಸಿರುಗಟ್ಟಿದರು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಪ್ರತಿ ಸಲವೂ ಸತ್ತವರ ಲೆಕ್ಕ ಸಿಕ್ಕಿದೆ, ಬಿದ್ದ ಮನೆಗಳ ಲೆಕ್ಕ ಸಿಕ್ಕಿದೆ, ಪರಿಹಾರದ ಚೆಕ್ಕುಗಳ ಲೆಕ್ಕವೂ ಸಿಕ್ಕಿದೆ. ಬದುಕುಳಿದವರ ಮನಸ್ಸಿಗೆ ಬಿದ್ದ ಪೆಟ್ಟನ್ನು ಅಳೆದು ಬರೆಯುವ ವಹಿ ಮಾತ್ರ ಯಾವ ತಹಶೀಲ್ದಾರರ ಕಚೇರಿಯಲ್ಲೂ ಇಲ್ಲ. ಹಾಗಾದರೆ ಆ ಪೆಟ್ಟನ್ನು ಹೊತ್ತವರು ಎಲ್ಲಿಗೆ ಹೋಗುತ್ತಾರೆ? ವಿಶಾಖಪಟ್ಟಣದ ಚಿನ್ನ ವಾಲ್ತೇರಿನಲ್ಲಿ 1871ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ, ಕೆಲವರು ಅಲ್ಲಿಗೆ ಹೋಗುತ್ತಾರೆ. ಅದಕ್ಕಿಂತ ಹೆಚ್ಚಿನವರು ಮೈಮೇಲೆ ದೇವರು ಬರುವ ಗಣಾಚಾರಿಯ ಬಳಿಗೆ, ಸೋದಿ ಅಂದರೆ ಕಣಿ ಹೇಳುವವಳ ಬಳಿಗೆ, ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಸತ್ತವರನ್ನು ಕರೆದು ಮಾತಾಡಿಸುವವಳ ಬಳಿಗೆ ಹೋಗುತ್ತಾರೆ. ಇದೆಲ್ಲ ಬರಿಯ ಮೌಢ್ಯವೋ, ಇದರಲ್ಲಿ ಗುಣಪಡಿಸುವ ಗುಣವೇನಾದರೂ ಇದೆಯೋ, ಇದ್ದರೆ ಆ ಗುಣ ಯಾವುದು ಎಂಬುದನ್ನು ಸಿಕ್ಕಿರುವ ಆಧಾರಗಳ ಮೇಲೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. 'ಶಾಮನ್' ಎಂಬುದು ಸೈಬೀರಿಯಾದ ಎವೆಂಕಿ ಜನರ ಭಾಷೆಯ ಕಡೆಯಿಂದ ಬಂದ ಪದ. ಪರವಶಳಾಗಿ ಬೇರೆ ಲೋಕಕ್ಕೆ ಹೋಗಿ, ಅಲ್ಲಿನವರೊಡನೆ ವ್ಯವಹರಿಸಿ, ಹಿಂತಿರುಗಿ ಬಂದು ಇಲ್ಲಿನವರ ಸಂಕಟ ನೀಗುವವಳು ಅಥವಾ ನೀಗುವವನು ಎಂಬುದು ಅದರ ಸ್ಥೂಲ ಅರ್ಥ. ದೇವರು ತಾನಾಗಿ ಮೈಮೇಲೆ ಬರುವುದು ಬೇರೆ, ಆತ್ಮವೇ ಪಯಣ ಹೊರಡುವುದು ಬೇರೆ ಎಂದು ವಿದ್ವಾಂಸರು ಗೆರೆ ಎಳೆಯುತ್ತಾರೆ. ನಮ್ಮ ನೆಲದ ಮಟ್ಟಿಗೆ ಆ ಗೆರೆ ಬಹಳ ಸಲ ಅಳಿಸಿಹೋಗುತ್ತದೆ. ತೆಲುಗಿನ ಪೂನಕಂ, ಕನ್ನಡದ ಮೈದುಂಬುವುದು, ತುಳುನಾಡಿನ ದರ್ಶನ ಇವೆಲ್ಲ ಒಂದೇ ದೊಡ್ಡ ಕುಟುಂಬದ ಕವಲುಗಳು. ಆದರೆ ಶಾಮನ್ ಪದದ ಪೂರ್ತಿ ಅರ್ಥಕ್ಕೆ ಹೊಂದುವ, ಅದೂ ಸಾವಿನ ದುಃಖವನ್ನೇ ನೇರವಾಗಿ ಕೈಗೆತ್ತಿಕೊಳ್ಳುವ ಪದ್ಧತಿಯೊಂದು ವಿಶಾಖಪಟ್ಟಣದ ಉತ್ತರಕ್ಕಿರುವ ಬೆಟ್ಟಸಾಲಿನಲ್ಲೇ ಇದೆ. ಅದು ಸವರರದು. ತಮ್ಮನ್ನು ತಾವು ಅವರು ಸೋರ ಎಂದು ಕರೆದುಕೊಳ್ಳುತ್ತಾರೆ. ಸೀತಂಪೇಟೆಯ ಸುತ್ತಲಿನ ಆಂಧ್ರದ ಗುಡ್ಡಗಳಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ಒಡಿಶಾದ ಗಜಪತಿ, ರಾಯಗಡ ಜಿಲ್ಲೆಗಳಲ್ಲಿ ಅವರ ವಾಸ. ಅವರ ನುಡಿ ತೆಲುಗೂ ಅಲ್ಲ, ಒಡಿಯಾವೂ ಅಲ್ಲ, ಮುಂಡಾ ವರ್ಗದ್ದು. ಆಡುಮಾತಿನ ತೆಲುಗಿಗಾಗಿ ಹೋರಾಡಿದ ಗಿಡುಗು ವೆಂಕಟ ರಾಮಮೂರ್ತಿ ಅವರು ಪರ್ಲಾಕಿಮಿಡಿಯಲ್ಲಿದ್ದು ಆ ನುಡಿಯನ್ನು ಕಲಿತು, 1931ರಲ್ಲಿ ಅದರ ವ್ಯಾಕರಣವನ್ನೂ 1938ರಲ್ಲಿ ನಿಘಂಟನ್ನೂ ಹೊರತಂದರು. 1955ರಲ್ಲಿ ವೆರಿಯರ್ ಎಲ್ವಿನ್ ಅವರು ಸವರರ ಧರ್ಮದ ಬಗ್ಗೆ ದೊಡ್ಡ ಗ್ರಂಥ ಬರೆದರು. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಪಿಯರ್ಸ್ ವಿಟೆಬ್ಸ್ಕಿ ಅವರು 1970ರ ದಶಕದಿಂದ ಒಡಿಶಾ ಕಡೆಯ ಸೋರ ಹಳ್ಳಿಗಳಲ್ಲಿ ಬಾಳಿ, ಅವರ ಮಾತು ಕಲಿತು, 1993ರಲ್ಲಿ ಮತ್ತು 2017ರಲ್ಲಿ ಎರಡು ಪುಸ್ತಕ ಬರೆದಿದ್ದಾರೆ. ನಮ್ಮ ಪ್ರಶ್ನೆಗೆ ಅತ್ಯಂತ ಗಟ್ಟಿಯಾದ ಆಧಾರ ಸಿಗುವುದು ಅಲ್ಲಿ.

ವಿಟೆಬ್ಸ್ಕಿ ಅವರು ಕಂಡು ಬರೆದದ್ದರ ಸಾರ ಹೀಗಿದೆ. ಮನೆಯಲ್ಲಿ ಸಾವಾದಾಗ ಶಾಮನ್, ಬಹುಪಾಲು ಒಬ್ಬ ಹೆಂಗಸು, ಕಾಲು ನೀಡಿ ಕುಳಿತು ತನಗಿಂತ ಹಿಂದಿನ ಶಾಮನ್‌ರನ್ನು ಹಾಡಿನಲ್ಲಿ ಕರೆಯುತ್ತಾಳೆ. ಹಾಡುತ್ತ ಹಾಡುತ್ತ ಅವಳ ಮೈ ಸೆಟೆದುಕೊಳ್ಳುತ್ತದೆ, ಪಕ್ಕದಲ್ಲಿದ್ದವರು ಕೈಕಾಲು ಮಡಿಸಿ ಸಡಿಲಗೊಳಿಸುತ್ತಾರೆ. ಅವಳ ಆತ್ಮ ಪಾತಾಳಕ್ಕೆ ಇಳಿಯಿತೆಂದೂ, ಖಾಲಿಯಾದ ಬಾಯಿಯಿಂದ ಸತ್ತವರು ಒಬ್ಬೊಬ್ಬರಾಗಿ ಮಾತಾಡುತ್ತಾರೆಂದೂ ನಂಬಿಕೆ. ಮುಂದೆ ನಡೆಯುವುದು ಪೂಜೆಯಲ್ಲ, ಮಾತುಕತೆ. ಸತ್ತವನು ದೂರುತ್ತಾನೆ, ಕೇಳುತ್ತಾನೆ, ಕುಡಿಯಲು ಹೆಂಡ ಬೇಡುತ್ತಾನೆ. ತನಗೆ ಸಕಾಲಕ್ಕೆ ಔಷಧ ಕೊಡಿಸಲಿಲ್ಲವೆಂದು ಮಕ್ಕಳನ್ನು ತರಾಟೆಗೆ ತೆಗೆದುಕೊಳ್ಳಬಹುದು. ಬದುಕಿರುವವರು ಸುಮ್ಮನೆ ಕೈಮುಗಿದು ಕೂರುವುದಿಲ್ಲ. ಎದುರು ಮಾತಾಡುತ್ತಾರೆ, ತಮ್ಮ ಬಡತನ ಹೇಳಿಕೊಳ್ಳುತ್ತಾರೆ, ಅಳುತ್ತಾರೆ, ಕೆಲವೊಮ್ಮೆ ನಗುತ್ತಾರೆ, ಆಸ್ತಿಯ ತಕರಾರನ್ನೂ ಅಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತಾರೆ. ಒಂದೇ ದಿನಕ್ಕೆ ಇದು ಮುಗಿಯುವುದಿಲ್ಲ. ಕಲ್ಲು ನೆಡುವ ಶಾಸ್ತ್ರ ಬರುತ್ತದೆ, ಆಮೇಲಿನ ವರ್ಷಗಳಲ್ಲಿ ಸ್ಮರಣೆಯ ಆಚರಣೆಗಳು ಬರುತ್ತವೆ, ಪ್ರತಿ ಸಲವೂ ಸತ್ತವರು ಬಂದು ಮಾತಾಡುತ್ತಾರೆ. ಹೊಸದಾಗಿ ಸತ್ತವನು ತಾನು ಸತ್ತ ನೋವನ್ನೇ ಬದುಕಿರುವವರಿಗೂ ಅಂಟಿಸುವ ಅಪಾಯವಿರುತ್ತದೆ ಎಂದು ಅವರ ಎಣಿಕೆ. ಮಾತು ಬೆಳೆದಂತೆ ಅವನ ಸಿಟ್ಟು ಇಳಿಯುತ್ತದೆ. ಕೊನೆಗೆ ಅವನು ಕಾಯುವ ಪೂರ್ವಿಕನಾಗುತ್ತಾನೆ, ಅವನ ಹೆಸರು ಮನೆಯ ಹೊಸ ಕೂಸಿಗೆ ಬರುತ್ತದೆ. 1917ರಲ್ಲಿ ಫ್ರಾಯ್ಡ್ ಅವರು ಶೋಕದ ಕುರಿತ ತಮ್ಮ ಹೆಸರಾಂತ ಲೇಖನದಲ್ಲಿ, ಸತ್ತವರ ಮೇಲಿನ ಮನಸ್ಸನ್ನು ಎಳೆಎಳೆಯಾಗಿ ಬಿಡಿಸಿಕೊಳ್ಳುವುದೇ ಶೋಕದ ಕೆಲಸವೆಂದು ವಾದಿಸಿದ್ದರು. ಸೋರರದು ಇದಕ್ಕೆ ಬೇರೆಯೇ ದಾರಿ. ಅಲ್ಲಿ ನಂಟು ಕಡಿಯುವುದಿಲ್ಲ, ನಂಟಿನ ಬಗೆ ಬದಲಾಗುತ್ತದೆ. 1990ರ ದಶಕದಿಂದೀಚೆಗೆ ಪಾಶ್ಚಾತ್ಯ ಮನಶ್ಶಾಸ್ತ್ರವೂ ಸತ್ತವರೊಡನೆ ಉಳಿಯುವ ನಂಟು ರೋಗವಲ್ಲ, ಅದು ಆರೋಗ್ಯಕರವೂ ಆಗಿರಬಹುದು ಎಂದು ಒಪ್ಪತೊಡಗಿದೆ.

ಬೆಟ್ಟದಿಂದ ಇಳಿದು ಗೋದಾವರಿಯ ದಡಕ್ಕೆ ಬಂದರೆ, ವಿಶಾಖಪಟ್ಟಣ, ವಿಜಯವಾಡಗಳ ನಡುವಿನ ರಾಜಮಂಡ್ರಿಯಲ್ಲಿ ಇದರದೇ ಇನ್ನೊಂದು ರೂಪ ಕಾಣುತ್ತದೆ. ಅಮೆರಿಕದ ವಿದ್ವಾಂಸ ಡೇವಿಡ್ ನೈಪ್ ಅವರು 1989ರಲ್ಲಿ ಪ್ರಕಟವಾದ ಲೇಖನದಲ್ಲಿ ಅಲ್ಲಿನ ವೀರಭದ್ರ ಆರಾಧನೆಯನ್ನು ವಿವರಿಸಿದ್ದಾರೆ. ಎಳೆವೆಯಲ್ಲೇ ತೀರಿಕೊಂಡ ಗಂಡುಮಗು ವೀರಭದ್ರನಾಗಿಯೂ ಹೆಣ್ಣುಮಗು ವೀರಕನ್ಯೆಯಾಗಿಯೂ ಮನೆಗೆ ಮರಳುತ್ತದೆ. ವಿಭೂತಿಯ ಉಂಡೆಯ ರೂಪದಲ್ಲಿ ಅದಕ್ಕೆ ದೇವರ ಗೂಡಿನಲ್ಲಿ ಜಾಗ ಸಿಗುತ್ತದೆ. ಹಬ್ಬದ ಮೆರವಣಿಗೆಯಲ್ಲಿ ಆ ಮಗು ಹೆತ್ತವಳ ಅಥವಾ ಮನೆಯ ಇನ್ನೊಬ್ಬರ ಮೈದುಂಬುತ್ತದೆ. ಕನ್ನಡಿಗರಿಗೆ ವೀರಭದ್ರನೆಂದರೆ ವೀರಗಾಸೆಯ ಖಡ್ಗ, ಒಡಪು, ದಕ್ಷಯಜ್ಞದ ರೌದ್ರ. ಅದೇ ರೌದ್ರದೇವತೆಯ ಮಡಿಲಿಗೆ ಗೋದಾವರಿ ಸೀಮೆಯ ತಾಯಂದಿರು ತಮ್ಮ ಕಳೆದುಹೋದ ಕೂಸುಗಳನ್ನು ಹಾಕಿದ್ದಾರೆ. ಮಗು ಸತ್ತ ತಾಯಿಗೆ ನಾಲ್ಕು ದಿನ ಕಳೆದ ಮೇಲೆ 'ಮರೆತುಬಿಡು' ಎನ್ನುವವರೇ ಹೆಚ್ಚು. ಈ ಆಚರಣೆ ಹಾಗೆನ್ನುವುದಿಲ್ಲ. ವರ್ಷಕ್ಕೊಮ್ಮೆ ಬೀದಿಯಲ್ಲಿ, ಎಲ್ಲರ ಕಣ್ಣೆದುರಿಗೆ, ಡೋಲಿನ ಸದ್ದಿನ ನಡುವೆ ಅವಳು ಆ ಮಗುವಿನ ತಾಯಿಯಾಗಿ ನಿಲ್ಲಬಹುದು. ಅವಳ ಶೋಕಕ್ಕೆ ಊರಿನ ಸಾಕ್ಷಿ ಸಿಗುತ್ತದೆ.

ನಮ್ಮ ಕಡೆಗೆ ತಿರುಗಿದರೂ ಇದೇ ಕಾಣುತ್ತದೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಸೀಮೆಯಲ್ಲಿ ಪ್ರೇತ ಮದುವೆ ಇಂದಿಗೂ ನಡೆಯುತ್ತದೆ. ಮದುವೆಗೆ ಮುಂಚೆ, ಅನೇಕ ಸಲ ತೊಟ್ಟಿಲಿನಲ್ಲೇ, ತೀರಿಕೊಂಡ ಮಗಳಿಗೆ ಅವಳ ಪ್ರಾಯ ಬಂದಾಗ ಇನ್ನೊಂದು ಮನೆಯ ಸತ್ತ ಮಗನನ್ನು ನೋಡಿ ಸೀರೆ, ಕರಿಮಣಿ, ಊಟ ಸಹಿತ ಮದುವೆ ಮಾಡುತ್ತಾರೆ. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ತೀರಿಕೊಂಡ ಮಗಳಿಗೆ ಪ್ರೇತ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟದ್ದು ದೇಶದಾದ್ಯಂತ ಸುದ್ದಿಯಾಯಿತು. ಹೆಣ್ಣುಮಕ್ಕಳ ಒಳಗುದಿಗೆ ದಾರಿ ಮಾಡಿಕೊಡುವ ಸಿರಿ ಜಾತ್ರೆ ಇದಕ್ಕಿಂತಲೂ ಮುಖ್ಯವಾದದ್ದು. ಹಿರಿಯಡ್ಕ, ಕವತ್ತಾರು, ನಂದಳಿಕೆಯಂಥ, ಆಲಡೆ ಎಂಬ ಸಿರಿ ಕ್ಷೇತ್ರಗಳಲ್ಲಿ ಹಿಂಗಾರದ ಗೊಂಚಲು ಹಿಡಿದ ಹೆಂಗಸರು ಒಟ್ಟಾಗಿ ಆವೇಶಗೊಂಡು ಸಿರಿಯ ಪಾಡ್ದನವನ್ನು ಹಾಡುತ್ತಾರೆ. ಗಂಡನ ಅನ್ಯಾಯ ಸಹಿಸದೆ ಅರಮನೆ ಬಿಟ್ಟು ಹೊರಟ ಹೆಣ್ಣಿನ ಕತೆ ಅದು. 1975ರಲ್ಲಿ ಪೀಟರ್ ಕ್ಲಾಸ್ ಅವರು ಇದರ ಬಗ್ಗೆ ಬರೆದರು. 1998ರಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಅವರೊಡಗೂಡಿ ಪ್ರಕಟಿಸಿದರು. ಮನೆಯಲ್ಲಿ ಮಾತು ಕಳೆದುಕೊಂಡು ಕುಳಿತ ಸೊಸೆಯನ್ನು ಅಲ್ಲಿಗೆ ಕರೆತಂದಾಗ ಕುಮಾರನೆಂಬ ಮುಖ್ಯಸ್ಥ ಅವಳ ಮೈಯಲ್ಲಿರುವುದು ಯಾರೆಂದು ವಿಚಾರಿಸುತ್ತಾನೆ, ಮನೆಯವರೂ ಅಲ್ಲಿ ಉತ್ತರ ಹೇಳಬೇಕಾಗುತ್ತದೆ. ಅವಳ ಸಂಕಟ ಅವಳೊಬ್ಬಳ ರೋಗವಾಗಿ ಉಳಿಯದೆ ಕುಟುಂಬದ ಪ್ರಶ್ನೆಯಾಗುತ್ತದೆ.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗುಣಪಡಿಸುವ ಅಂಶ ಯಾವುದೆಂಬುದು ತಿಳಿಯುತ್ತದೆ. ಆತ್ಮ ಪಾತಾಳಕ್ಕೆ ಇಳಿಯಿತೆಂಬುದಲ್ಲ, ವಿಭೂತಿಯ ಶಕ್ತಿಯೂ ಅಲ್ಲ. ನೋವಿಗೆ ಒಂದು ಹೆಸರು ಸಿಗುತ್ತದೆ. ಅದನ್ನು ಹೇಳಿಕೊಳ್ಳಲು ಊರು ಒಪ್ಪಿದ ಜಾಗ, ಊರು ಒಪ್ಪಿದ ಹೊತ್ತು ಸಿಗುತ್ತದೆ. ಕೇಳಲು ಬೇಕಾದವರೇ ಎದುರಿಗಿರುತ್ತಾರೆ. ಒಂದೇ ಸಲಕ್ಕೆ ಮುಗಿಸುವ ಆತುರ ಇರುವುದಿಲ್ಲ. ಕಡೆಗೆ ನೊಂದವರಿಗೆ ರೋಗಿ ಎಂಬ ಪಟ್ಟವಲ್ಲದೆ ಬೇರೊಂದು ಸ್ಥಾನ, ಪೂರ್ವಿಕನ ಮಗ, ವೀರಭದ್ರನ ತಾಯಿ, ಸಿರಿ ಎಂಬ ಸ್ಥಾನ ದೊರೆಯುತ್ತದೆ. ನನ್ನ ವಾದ ಇಷ್ಟು: ಶಾಮನ್ ಪದ್ಧತಿಯಲ್ಲಿ ಕೆಲಸ ಮಾಡುವುದು ಮಂತ್ರವಲ್ಲ, ಮಂತ್ರದ ಸುತ್ತ ಕೂಡಿದ ಸಮುದಾಯ. ಆದ್ದರಿಂದ ಆ ಸಮುದಾಯವನ್ನು ಕಳಚಿಟ್ಟು ಮಂತ್ರವನ್ನಷ್ಟೇ ಎತ್ತಿಕೊಂಡರೆ ಉಳಿಯುವುದು ಬರಿಯ ಬೂದಿ. ಮಂತ್ರವನ್ನು ಬಿಟ್ಟು ಸಮುದಾಯವನ್ನು ಉಳಿಸಿಕೊಂಡರೆ ಗುಣದ ಬಹುಭಾಗ ಉಳಿದೀತು.

ಇದಕ್ಕೆ ವೈದ್ಯಕೀಯದ ಒಂದು ಆಧಾರವೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಹಳ್ಳಿಯೊಂದರ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಪ್ರಕಟಿಸಿದರು. ಸರಾಸರಿ ಆರು ವಾರದ ವಾಸದ ಬಳಿಕ ರೋಗಲಕ್ಷಣಗಳ ಅಳತೆ ಸುಮಾರು ಶೇ. 19ರಷ್ಟು ಇಳಿದಿತ್ತು. ಅಲ್ಲಿ ದೆವ್ವ ಬಿಡಿಸುವ ಕ್ರಿಯೆ ಯಾವುದೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಬೆಳಗಿನ ಪೂಜೆಗೆ ಕೂರುವುದು, ಅಂಗಳ ಗುಡಿಸುವುದು, ಗಿಡಕ್ಕೆ ನೀರೆರೆಯುವುದು, ಜೊತೆಗೊಬ್ಬ ಮನೆಯವರು, ಹೀಯಾಳಿಸದ ನೆರೆಹೊರೆ, ಇಷ್ಟೇ. ಈ ಅಧ್ಯಯನದ ಮಿತಿಯನ್ನೂ ಹೇಳಬೇಕು. ಸಂಖ್ಯೆ ಚಿಕ್ಕದು, ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಅಲ್ಲಿದ್ದವರದು ತೀವ್ರ ಮನೋರೋಗವೇ ಹೊರತು ಆಘಾತದ ಶೋಕವಲ್ಲ. ಹಾಗಿದ್ದರೂ ಮಂತ್ರವಿಲ್ಲದ ಜಾಗದಲ್ಲಿಯೂ ಸುಧಾರಣೆ ಕಂಡದ್ದು, ಗುಣದ ಮೂಲ ಎಲ್ಲಿದೆ ಎಂಬುದರ ಕಡೆಗೆ ಬೆರಳು ತೋರಿಸುತ್ತದೆ. ಇದಕ್ಕಿಂತ ಹಿಂದೆ, 1976ರಲ್ಲಿ, ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಉಡುಪಿ ಸಮೀಪದ ಕೋಟದ ಕುರಿತು ಬರೆದ ಪುಸ್ತಕದಲ್ಲಿ ವೈದ್ಯ, ಮಂತ್ರವಾದಿ, ದೈವ ಮೈದುಂಬುವ ಪಾತ್ರಿ ಎಂಬ ಮೂರು ಬಗೆಯ ಚಿಕಿತ್ಸಕರನ್ನು ವಿವರಿಸಿದ್ದರು. ಜನ ಇವರ ಬಳಿಗೂ ಹೋಗುತ್ತಿದ್ದರು, ಡಾಕ್ಟರ ಬಳಿಗೂ ಹೋಗುತ್ತಿದ್ದರು. ಎರಡರ ನಡುವೆ ವೈರವಿದೆ ಎಂದು ಅವರಿಗೆ ತೋರಿರಲಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು, ಎಲ್ಲಕ್ಕಿಂತ ಬಲವಾದದ್ದು, ವಿಜಯವಾಡದಿಂದಲೇ ಬರುತ್ತದೆ. ಗೋರಾ ಎಂದು ಹೆಸರಾದ ಗೋಪರಾಜು ರಾಮಚಂದ್ರ ರಾವ್ ಮತ್ತು ಸರಸ್ವತಿ ಗೋರಾ ದಂಪತಿ 1940ರಲ್ಲಿ ಮುದುನೂರಿನಲ್ಲಿ ಶುರುಮಾಡಿ 1947ರಲ್ಲಿ ವಿಜಯವಾಡಕ್ಕೆ ತಂದ ನಾಸ್ತಿಕ ಕೇಂದ್ರ, ಮೈಮೇಲೆ ಬರುವುದು, ಮಾಟ, ಬಾಣಾಮತಿ ಎಲ್ಲವನ್ನೂ ಬಯಲಿಗೆಳೆಯುತ್ತ ಬಂದಿದೆ. ಕೆಂಡದ ಮೇಲೆ ನಡೆಯುವುದು ದೈವಕೃಪೆಯಲ್ಲ ಎಂದು ಅವರು ತಾವೇ ನಡೆದು ತೋರಿಸಿದವರು. ಅವರ ಕೋಪಕ್ಕೆ ಕಾರಣವಿದೆ. ಯಾವ ಲೋಕದೃಷ್ಟಿ ಸತ್ತವರನ್ನು ಮಾತಾಡಿಸುತ್ತದೆಯೋ ಅದೇ ಲೋಕದೃಷ್ಟಿ, ಕಾಯಿಲೆಗೆ ಕಾರಣ ಪಕ್ಕದ ಮನೆಯವಳ ಮಾಟ ಎಂದೂ ಹೇಳುತ್ತದೆ. ವಿಶಾಖಪಟ್ಟಣದ ಮನ್ಯವೆಂಬ ಬೆಟ್ಟಸೀಮೆಯಲ್ಲಿ ಚಿಲ್ಲಂಗಿ ಎಂಬ ಮಾಟ ಮಾಡಿದರೆಂಬ ಅನುಮಾನಕ್ಕೆ ಬಡ ಮುದುಕರು ಕೊಲೆಯಾದ ಪ್ರಕರಣಗಳಿವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಕೃಪೆಯಿಂದ ಗುಣವಾಗಲೆಂದು ತಂದುಬಿಟ್ಟಿದ್ದ ಮನೋರೋಗಿಗಳ ಗುಡಿಸಲಿಗೆ ಬೆಂಕಿ ಬಿದ್ದಾಗ 28 ಮಂದಿ ಸತ್ತದ್ದು, ಸಂಕೋಲೆಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾರದೆ. ಈ ಆಕ್ಷೇಪಕ್ಕೆ ಎದುರು ವಾದವಿಲ್ಲ, ಒಪ್ಪಿಗೆಯೇ ಉತ್ತರ. ಹೊಡೆತ, ಸಂಕೋಲೆ, ಉಪವಾಸ, ಮತ್ತೊಬ್ಬರ ಮೇಲೆ ಆರೋಪ, ಇವು ಇರುವಲ್ಲಿ ಚಿಕಿತ್ಸೆ ಎಂಬ ಮಾತೇ ಸಲ್ಲದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಂಕೋಲೆ ಹಾಕುವುದನ್ನು ನಿಷೇಧಿಸಿದೆ, ಅದೇ ವರ್ಷ ಕರ್ನಾಟಕ ತಂದ ಮೌಢ್ಯ ನಿಷೇಧ ಕಾಯ್ದೆಯೂ ಅಮಾನುಷ ಪದ್ಧತಿಗಳನ್ನು ಅಪರಾಧವೆನ್ನುತ್ತದೆ. ಆದರೆ ಗೋರಾ ಅವರ ಮನೆತನದ ಹೆಣ್ಣುಮಕ್ಕಳು ಮಾಡಿದ ಇನ್ನೊಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. 1969ರಲ್ಲಿ ವಿಜಯವಾಡದಲ್ಲಿ ಹುಟ್ಟಿದ ವಾಸವ್ಯ ಮಹಿಳಾ ಮಂಡಲಿ ನೊಂದ ಹೆಂಗಸರ ಮಾತು ಕೇಳುವ, ಕುಟುಂಬವನ್ನು ಎದುರು ಕೂರಿಸಿ ಸಮಾಲೋಚನೆ ನಡೆಸುವ ಕೆಲಸ ಮಾಡುತ್ತ ಬಂದಿದೆ. ದೇವರಿಲ್ಲದ ಜಾಗದಲ್ಲಿ, ಸಿರಿ ಜಾತ್ರೆಯ ತಿರುಳಾದ ಆಲಿಸುವಿಕೆ ಅಲ್ಲಿದೆ. ಮೌಢ್ಯವನ್ನು ಒಡೆದವರೇ ಆಲಿಸುವ ಜಾಗವನ್ನೂ ಕಟ್ಟಿದರು ಎಂಬುದು ನನ್ನ ವಾದವನ್ನು ಗಟ್ಟಿಮಾಡುತ್ತದೆ.

ಎರಡನೆಯ ಆಕ್ಷೇಪ: ಶೋಕ ಕಾಲಕ್ರಮದಲ್ಲಿ ತಾನಾಗಿ ಇಳಿಯುತ್ತದೆ, ಅದರ ಯಶಸ್ಸನ್ನು ಶಾಮನ್ ಖಾತೆಗೆ ಜಮಾ ಮಾಡುವುದು ತಪ್ಪು. ಇದರಲ್ಲಿ ಅರ್ಧ ಸತ್ಯವಿದೆ. ದೊಡ್ಡ ದುರಂತ ಕಂಡ ಬಹುಪಾಲು ಜನ ಯಾವ ಚಿಕಿತ್ಸೆಯೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಆದರೆ ಆ ಚೇತರಿಕೆ ಶೂನ್ಯದಲ್ಲಿ ಆಗುವುದಲ್ಲ. ನಂಟರು, ಊಟ, ಕೆಲಸ, ಆಚರಣೆ ಇವೇ ಅದನ್ನು ನಡೆಸುವ ಕೈಗಳು. ದುರಂತದ ಮರುದಿನವೇ ಸಂತ್ರಸ್ತರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪಾಶ್ಚಾತ್ಯ ಕ್ರಮವೊಂದು ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ಕೆಡುಕೇ ಆದೀತು ಎಂದು ಅಧ್ಯಯನಗಳ ಪರಾಮರ್ಶೆಗಳು ತೋರಿಸಿದ ಮೇಲೆ ಅದನ್ನು ಕೈಬಿಡಲಾಯಿತು. ವರ್ಷಗಳ ಮೇಲೆ ಹರಡಿಕೊಂಡ ಸೋರ ಕ್ರಮದ ನಿಧಾನಕ್ಕೆ ಹೀಗೆ ಹೊರಗಿನಿಂದಲೇ ಸಮರ್ಥನೆ ಸಿಗುತ್ತದೆ. ಉಳಿದ ಅರ್ಧ ಸತ್ಯವನ್ನೂ ಮರೆಯುವಂತಿಲ್ಲ. ತಿಂಗಳುಗಳು ಕಳೆದರೂ ಅದೇ ದೃಶ್ಯ ಕಣ್ಣಿಗೆ ನುಗ್ಗಿ ಬರುವವರಿಗೆ, ನಿದ್ದೆಯಿಲ್ಲದವರಿಗೆ, ಸಾಯುವ ಯೋಚನೆ ಇರುವವರಿಗೆ ಆಚರಣೆ ಸಾಲದು. ಆಘಾತಕ್ಕೆಂದೇ ರೂಪಿಸಿದ, ಪರೀಕ್ಷೆಗೊಳಗಾದ ಮನೋಚಿಕಿತ್ಸೆಗಳಿವೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವುಗಳನ್ನು ಶಿಫಾರಸು ಮಾಡಿದೆ. ಅವು ಸಿಗಬೇಕಾದದ್ದು ಅವರ ಹಕ್ಕು.

ಮೂರನೆಯದು ಸೋರರ ಕಡೆಯಿಂದಲೇ ಬರುವ ಮಾತು. ಇಷ್ಟು ಒಳ್ಳೆಯದಾಗಿದ್ದರೆ ಅವರಲ್ಲಿ ಬಹಳ ಮಂದಿ ಇದನ್ನೇಕೆ ಬಿಟ್ಟರು? ಹೌದು, ವಿಟೆಬ್ಸ್ಕಿ ಅವರ ಎರಡನೆಯ ಪುಸ್ತಕದ ವಸ್ತುವೇ ಅದು. ಒಂದೆರಡು ತಲೆಮಾರಿನಲ್ಲಿ ಕಿರಿಯರು ಬಹುಪಾಲು ಬ್ಯಾಪ್ಟಿಸ್ಟ್ ಕ್ರೈಸ್ತರಾದರು. ಪ್ರಾಣಿಬಲಿಯ ಖರ್ಚು, ಸಾಲ, ಸತ್ತವರ ಭಯ ಇವುಗಳಿಂದ ಬಿಡುಗಡೆ ಬೇಕಿತ್ತು. ಶಾಲೆ ಕಲಿತವರಿಗೆ ಹೊಸ ಲೋಕದಲ್ಲಿ ಮರ್ಯಾದೆ ಬೇಕಿತ್ತು. ಅವರ ಆಯ್ಕೆ ಅವರದು, ಹೊರಗಿನವರ ಹಂಬಲಕ್ಕಾಗಿ ಯಾರೂ ಹಳೆಯದನ್ನು ಹೊತ್ತು ನಿಲ್ಲಬೇಕಾಗಿಲ್ಲ. ಆದರೆ ಹೊಸ ಪ್ರಾರ್ಥನೆಯಲ್ಲಿ ಸತ್ತವರೊಡನೆ ಎದುರುಬದುರು ಮಾತಿಗೆ ಎಡೆಯಿಲ್ಲ. ಆ ಜಾಗ ಖಾಲಿಯಾಯಿತು, ಅದನ್ನು ತುಂಬುವ ಹೊಣೆ ಯಾರದು ಎಂಬ ಪ್ರಶ್ನೆ ಉಳಿಯಿತು.

ನಗರದಲ್ಲಿ ಆ ಖಾಲಿ ಜಾಗಕ್ಕೆ ಮಾರುಕಟ್ಟೆ ಬಂದು ಕೂತಿದೆ. 1980ರಲ್ಲಿ ಅಮೆರಿಕದ ಮೈಕೆಲ್ ಹಾರ್ನರ್ ಅವರು ಹಲವು ಬುಡಕಟ್ಟುಗಳ ಪದ್ಧತಿಗಳಿಂದ ಸಾಮಾನ್ಯ ಅಂಶಗಳನ್ನು ಹೆಕ್ಕಿ, ಯಾರು ಬೇಕಾದರೂ ಡೋಲಿನ ಬಡಿತಕ್ಕೆ ಕಣ್ಣುಮುಚ್ಚಿ 'ಪಯಣ' ಹೋಗಬಹುದಾದ ಕ್ರಮವನ್ನು ಪುಸ್ತಕವಾಗಿಸಿದರು. 1991ರಲ್ಲಿ ಸಾಂಡ್ರಾ ಇಂಗರ್ಮನ್ ಅವರು, ಆಘಾತವಾದಾಗ ಆತ್ಮದ ತುಣುಕೊಂದು ಕಳಚಿಹೋಗುತ್ತದೆ, ಅದನ್ನು ಹುಡುಕಿ ತರಬಹುದು ಎಂಬ ಚಿಕಿತ್ಸೆಯನ್ನು ಹೆಸರುವಾಸಿ ಮಾಡಿದರು. ಈಗ ಇದು ನಮ್ಮ ನಗರಗಳಲ್ಲೂ ಗಂಟೆಯ ಲೆಕ್ಕದಲ್ಲಿ, ಅನೇಕ ಸಲ ಫೋನಿನ ಪರದೆಯ ಮೇಲೆ ಮಾರಾಟಕ್ಕಿದೆ. ಆತ್ಮದ ತುಣುಕು ಎಂಬುದು ರೂಪಕವಾಗಿ ಸುಂದರ, ಒಳಗೇನೋ ಕಳೆದುಹೋದಂತೆ ಅನ್ನಿಸುವವರ ಅನುಭವಕ್ಕೆ ಹತ್ತಿರ. ತೊಂದರೆ ಬೇರೆ ಕಡೆ ಇದೆ. ಇಲ್ಲಿ ಕೇಳುವವನು ಒಬ್ಬ ಅಪರಿಚಿತ. ಅಣ್ಣತಮ್ಮಂದಿರಿಲ್ಲ, ಊರಿಲ್ಲ, ಮುಂದಿನ ವರ್ಷ ಮತ್ತೆ ಸೇರುವ ಮಾತಿಲ್ಲ, ಎಡವಟ್ಟಾದರೆ ಕೇಳುವ ಹತ್ತು ಜನರಿಲ್ಲ. ಜೊತೆಗೆ, ಬಾಲ್ಯದಲ್ಲಿ ನಿನಗೆ ಇಂಥದ್ದು ನಡೆದಿತ್ತು ಎಂದು ಅರೆನಿದ್ದೆಯಲ್ಲಿ ಸೂಚಿಸಿದರೆ ನಡೆಯದ್ದೂ ನೆನಪಾಗಿ ಬೇರೂರಬಹುದು. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಅವರು ತಮ್ಮ ಪ್ರಯೋಗದಲ್ಲಿ, ಮಕ್ಕಳಾಗಿದ್ದಾಗ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದೆವೆಂಬ ಸುಳ್ಳು ನೆನಪು ಕೆಲವರಲ್ಲಿ ಮೂಡಬಲ್ಲದೆಂದು ತೋರಿಸಿದ್ದರು. ನೊಂದ ಮನಸ್ಸಿನ ಮೇಲೆ ಇಂಥ ಸೂಚನೆ ಹೇರುವುದು ಹಳೆಯ ಗಾಯದ ಪಕ್ಕ ಹೊಸದನ್ನು ಕೊರೆದಂತೆ. ಸೋರ ಹಳ್ಳಿಯಲ್ಲಿ ಶಾಮನ್ ಏನಾದರೂ ನುಡಿದರೆ ಸತ್ತವನನ್ನು ಬಲ್ಲ ಇಪ್ಪತ್ತು ಜನ ಎದುರಿಗಿರುತ್ತಾರೆ, ವಾದಿಸುತ್ತಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಆ ಕಾವಲು ಇರುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಶೇ. 70ರಿಂದ 92ರಷ್ಟು. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಹೀಗಿರುವಾಗ ಪಾತ್ರಿಯ ಬಳಿಗೆ ಹೋಗಬೇಡಿ ಎನ್ನುವುದು, ಬೇರೆ ಬಾಗಿಲು ತೋರಿಸದೆ ಇರುವ ಒಂದು ಬಾಗಿಲನ್ನೂ ಮುಚ್ಚಿದಂತೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ–ದುಆ' ಎಂಬ ವ್ಯವಸ್ಥೆ ಇದೆ. ಮುಜಾವರರು ಪ್ರಾರ್ಥನೆ ಮಾಡುತ್ತಾರೆ, ಜೊತೆಗೇ ಅಂಗಳದಲ್ಲಿರುವ ಡಾಕ್ಟರ ಬಳಿಗೆ ಕಳಿಸುತ್ತಾರೆ. ಇಂಥದ್ದು ಸೀತಂಪೇಟೆಯಲ್ಲಿ, ಮನ್ಯದ ಪಾಡೇರಿನಲ್ಲಿ, ನಮ್ಮ ಆಲಡೆಗಳ ಬಳಿಯಲ್ಲಿ ಏಕೆ ಆಗಬಾರದು? ಸಂಕೋಲೆ, ಹೊಡೆತ, ಮಾಟದ ಆರೋಪ ಇವಕ್ಕೆ ಕಾನೂನಿನ ಬಿಗಿ. ನಿರಪಾಯದ ಆಚರಣೆಗೆ ಅಡ್ಡಿ ಬೇಡ. ಅಪಾಯದ ಲಕ್ಷಣ ಗುರುತಿಸಿ ಆಸ್ಪತ್ರೆಗೆ ಕಳಿಸುವಷ್ಟು ತಿಳಿವಳಿಕೆ ಗಣಾಚಾರಿಗೂ ಪಾತ್ರಿಗೂ ಕೊಡಬೇಕು. ಆಸ್ಪತ್ರೆ ಕಲಿಯಬೇಕಾದ ಪಾಠವೂ ಇದೆ. ನೊಂದವರನ್ನು ಒಂಟಿಯಾಗಿ ಐದು ನಿಮಿಷ ನೋಡಿ ಚೀಟಿ ಬರೆದುಕೊಡುವ ಬದಲು ಮನೆಯವರನ್ನೂ ಕೂರಿಸಿಕೊಳ್ಳಬೇಕು. ದುರಂತ ನಡೆದ ಊರಿನಲ್ಲಿ ವರ್ಷ ತುಂಬಿದ ದಿನ ಮತ್ತೆ ಹೋಗಿ ಜನರನ್ನು ಸೇರಿಸಬೇಕು. ಪರಿಹಾರದ ಪಟ್ಟಿಯಲ್ಲಿ ಸ್ಮರಣೆಯ ಕಲ್ಲಿಗೂ ಕೇಳುವ ಕಿವಿಗೂ ಜಾಗವಿರಬೇಕು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಪ್ರಯೋಗಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಮಾದರಿಯೇ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ದಾರಿ ತೋರಿಸಿದ ನಾಡು ಇದರಲ್ಲೂ ಮುಂದೆ ಬರಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇಂಥ ಪೆಟ್ಟು ತಿಂದವರು ಇದ್ದೇ ಇರುತ್ತಾರೆ. ಅವರು ಗುಡಿಗೆ ಹೋದರೆ ಹಂಗಿಸಬೇಡಿ, ಆಸ್ಪತ್ರೆಗೆ ಹೋದರೆ ಹುಚ್ಚೆನ್ನಬೇಡಿ. ಸತ್ತವರ ಮಾತು ಎತ್ತಿದಾಗ ಮಾತು ಬದಲಿಸಬೇಡಿ. ನಿದ್ದೆ, ಊಟ ಬಿಟ್ಟಿದ್ದರೆ, ಬದುಕು ಸಾಕೆನ್ನುತ್ತಿದ್ದರೆ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ನೀವೇ ಕರೆ ಮಾಡಿ ಕೊಡಿ, ಅದು ಉಚಿತ, ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತದೆ. ಆಮೇಲೆ ಪಕ್ಕದಲ್ಲಿ ಕುಳಿತು, ಅವರು ಹೇಳುವುದು ಮುಗಿಯುವ ತನಕ ಕೇಳಿ.